ಇಸ್ಟ್ರಿಯಾ ಕರಾವಳಿಯಲ್ಲಿ ಟೆಂಟ್ ರಜೆ: ಮೊದಲು ಜಾಗ, ಆಮೇಲೆ ಟಿಕೆಟ್

ಕ್ರೊಯೇಷಿಯಾದ ಇಸ್ಟ್ರಿಯಾಕ್ಕೆ ಟೆಂಟ್ ಹೊತ್ತುಕೊಂಡು ಹೋಗಿ, ಎರಡನೇ ರಾತ್ರಿಗೇ ಹೋಟೆಲ್ ಹುಡುಕಿದವರ ಕಥೆಗಳೆಲ್ಲ ಹೆಚ್ಚುಕಡಿಮೆ ಒಂದೇ. ವಿಮಾನದ ಟಿಕೆಟ್ ಅಗ್ಗಕ್ಕೆ ಸಿಕ್ಕಿತು ಅಂತ ಮೊದಲು ಅದನ್ನು ತೆಗೆದಿರುತ್ತಾರೆ. ಆಮೇಲೆ ನೋಡಿದರೆ, ಟೆಂಟ್ ಹಾಕಲು ಜಾಗ ಬಾಡಿಗೆಗೆ ಕೊಡುವ ಒಳ್ಳೆಯ ಕ್ಯಾಂಪ್‌ಗಳೆಲ್ಲ ಭರ್ತಿ. ಸಿಕ್ಕಿದ ಜಾಗದಲ್ಲಿ ನೆರಳಿಲ್ಲ. ಗೂಟ ಹೊಡೆದರೆ ನೆಲಕ್ಕೆ ಇಳಿಯುವುದಿಲ್ಲ. ರಾತ್ರಿ ಗಾಳಿ ಎದ್ದಾಗ ಟೆಂಟ್ ಬುಡಮೇಲು.

ಇದರಲ್ಲಿ ಅದೃಷ್ಟದ ಪಾತ್ರ ಕಮ್ಮಿ. ಕೆಲಸಗಳ ಕ್ರಮ ತಪ್ಪಿದ್ದೇ ಕಾರಣ. ತಿಂಗಳು, ಜಾಗ, ವೀಸಾ, ದಾರಿ, ಸಾಮಾನು: ಈ ಸಾಲು ಹಿಂದುಮುಂದಾಗಬಾರದು.

ಇಸ್ಟ್ರಿಯಾ ಕ್ರೊಯೇಷಿಯಾದ ವಾಯವ್ಯ ಮೂಲೆಯಲ್ಲಿ ಏಡ್ರಿಯಾಟಿಕ್ ಸಮುದ್ರಕ್ಕೆ ಚಾಚಿಕೊಂಡಿರುವ ಪರ್ಯಾಯ ದ್ವೀಪ. ಕ್ಯಾಂಪ್‌ಗಳು ಜಾಸ್ತಿ ಇರುವುದು ಅದರ ಪಶ್ಚಿಮ ದಡದಲ್ಲಿ. ಉತ್ತರದಿಂದ ಇಳಿಯುತ್ತ ಬಂದರೆ ಉಮಾಗ್, ಪೊರೆಚ್, ವ್ರಸಾರ್, ರೊವಿನ್, ಪುಲಾ, ಕೊನೆಗೆ ಮೆದುಲಿನ್ ಮತ್ತು ಕಾಮೆನ್ಯಾಕ್ ಭೂಶಿರ. ಮೊದಲ ಸಲ ಹೋಗುವವರು ಒಂದೇ ಕಡೆ ಟೆಂಟ್ ಹಾಕಿ, ಅಲ್ಲಿಂದಲೇ ಸುತ್ತಾಡುವುದು ಒಳ್ಳೆಯದು. ದಿನಕ್ಕೊಂದು ಊರು ಅಂತ ಹೊರಟರೆ ರಜೆಯೆಲ್ಲ ಟೆಂಟ್ ಮಡಚುವುದರಲ್ಲೇ ಹೋಗುತ್ತದೆ.

## ಹಂತ 1: ತಿಂಗಳು ಗಟ್ಟಿ ಮಾಡಿ

ಜೂನ್ ಮತ್ತು ಸೆಪ್ಟೆಂಬರ್ ಮೊದಲ ಮೂರು ವಾರ. ನನ್ನನ್ನು ಕೇಳಿದರೆ ಟೆಂಟಿಗೆ ಇಷ್ಟೇ ಕಾಲ. ಸೆಪ್ಟೆಂಬರ್ ಇನ್ನೂ ಒಂದು ಕೈ ಮೇಲು, ಯಾಕೆಂದರೆ ಬೇಸಿಗೆಯಿಡೀ ಕಾದ ಸಮುದ್ರ ಆಗಲೂ ಬೆಚ್ಚಗಿರುತ್ತದೆ.

ಜುಲೈ ಮಧ್ಯದಿಂದ ಆಗಸ್ಟ್ 20ರ ತನಕ ಜನಜಾತ್ರೆ. ಬೆಲೆಯೂ ಜಾಸ್ತಿ. ಎಷ್ಟೋ ಕ್ಯಾಂಪ್‌ಗಳು ಆ ದಿನಗಳಲ್ಲಿ ಒಂದು ವಾರಕ್ಕಿಂತ ಕಡಿಮೆ ಬುಕಿಂಗ್ ತೆಗೆದುಕೊಳ್ಳುವುದಿಲ್ಲ. ಆಗಸ್ಟ್ 15 ಇಟಲಿಯವರ ದೊಡ್ಡ ರಜೆ, ಇಟಲಿಯ ಗಡಿ ಇಲ್ಲಿಗೆ ತೀರಾ ಹತ್ತಿರ.

ಕರ್ನಾಟಕದಿಂದ ಹೊರಡುವ ಕುಟುಂಬಗಳಿಗೆ ಇಲ್ಲೊಂದು ತೊಡಕಿದೆ. ನಮ್ಮ ಮಕ್ಕಳ ಬೇಸಿಗೆ ರಜೆ ಏಪ್ರಿಲ್, ಮೇ. ಆಗ ಅಲ್ಲಿ ನೀರಿಗಿಳಿದರೆ ಹಲ್ಲು ಕಟಕಟ ಅನ್ನುತ್ತದೆ. ದಸರಾ ರಜೆಗೆ ಹೋದರೆ ಕ್ಯಾಂಪ್‌ಗಳು ಬಾಗಿಲು ಹಾಕಿಕೊಳ್ಳುವ ಹೊತ್ತು. ಇರುವುದರಲ್ಲಿ ಮೇ ಕೊನೆಯ ವಾರ ಪರವಾಗಿಲ್ಲ. ಈಜು ಕಮ್ಮಿ, ಸೈಕಲ್ಲು ಮತ್ತು ನಡಿಗೆ ಜಾಸ್ತಿ ಅಂತ ಮನಸ್ಸು ಮಾಡಿಕೊಂಡು ಹೋಗಿ.

ಜರ್ಮನಿಯಲ್ಲಿರುವ ಕನ್ನಡಿಗರು ಇನ್ನೊಂದು ನೋಡಿಕೊಳ್ಳಬೇಕು. ಬವೇರಿಯಾದ ಶಾಲೆಗಳಿಗೆ ಮೇ ಕೊನೆ ಅಥವಾ ಜೂನ್‌ನಲ್ಲಿ ಎರಡು ವಾರ ಫಿಂಗ್‌ಸ್ಟನ್ ರಜೆ ಬರುತ್ತದೆ. ಆಗ ಇಸ್ಟ್ರಿಯಾದ ಕ್ಯಾಂಪ್‌ಗಳಲ್ಲಿ ಅರ್ಧ ಮ್ಯೂನಿಕ್ ಬಂದು ಕೂತಿರುತ್ತದೆ. ರಜೆ ಮುಗಿದ ಮಾರನೇ ವಾರ ಅದೇ ಜಾಗ ಖಾಲಿ.

## ಹಂತ 2: ಕ್ಯಾಂಪ್ ಅಲ್ಲ, ಜಾಗದ ನಂಬರ್ ಆರಿಸಿ

ಹೆಚ್ಚಿನವರು ಸೋಲುವುದು ಇಲ್ಲೇ, ಹಾಗಾಗಿ ನಿಧಾನವಾಗಿ ನೋಡೋಣ.

ಮೊದಲು ಒಂದು ವಿಷಯ ಸ್ಪಷ್ಟವಾಗಿರಲಿ. ಕ್ರೊಯೇಷಿಯಾದಲ್ಲಿ ಕಂಡಕಂಡಲ್ಲಿ ಟೆಂಟ್ ಹಾಕುವಂತಿಲ್ಲ. ಬೀಚಿನಲ್ಲಿ, ಕಾಡಿನಲ್ಲಿ, ಪಾರ್ಕಿಂಗ್ ಜಾಗದಲ್ಲಿ ವ್ಯಾನ್ ನಿಲ್ಲಿಸಿ ಮಲಗುವುದಕ್ಕೂ ದಂಡ ಬೀಳುತ್ತದೆ. ಕಾಮೆನ್ಯಾಕ್‌ನಂಥ ಸಂರಕ್ಷಿತ ಜಾಗದಲ್ಲಂತೂ ಕೇಳಲೇಬೇಡಿ. ಲೈಸೆನ್ಸ್ ಇರುವ ಕ್ಯಾಂಪೇ ದಾರಿ. ವಿದೇಶಿಯರು ತಂಗಿದ್ದನ್ನು ಅಧಿಕೃತವಾಗಿ ನೋಂದಾಯಿಸಬೇಕು. ಪಾಸ್‌ಪೋರ್ಟ್ ತೋರಿಸಿದರೆ ಆ ಕೆಲಸವನ್ನು ಕ್ಯಾಂಪಿನ ರಿಸೆಪ್ಷನ್‌ನವರೇ ಮಾಡಿಕೊಡುತ್ತಾರೆ.

ಎರಡನೆಯದು, ನಮ್ಮವರು ಸಾಮಾನ್ಯವಾಗಿ ಗಮನಿಸದೇ ಇರುವುದು. ಇಸ್ಟ್ರಿಯಾದ ಕೆಲವು ದೊಡ್ಡ ಕ್ಯಾಂಪ್‌ಗಳು ಬಟ್ಟೆಯಿಲ್ಲದೆ ರಜೆ ಕಳೆಯುವವರಿಗಾಗಿಯೇ ಇವೆ. ವ್ರಸಾರ್ ಹತ್ತಿರದ ಕೊವೆರ್ಸಾದಾ 1961ರಿಂದ ಇದೆ. ರೊವಿನ್ ಹತ್ತಿರದ ವಲಾಲ್ಟಾ ಕೂಡ ಅಂಥದ್ದೇ. ಇನ್ನು ಕೆಲವು ಮಾಮೂಲಿ ಕ್ಯಾಂಪ್‌ಗಳಲ್ಲೂ ಒಂದು ಭಾಗ ಹಾಗಿರುತ್ತದೆ. ಬುಕಿಂಗ್ ಪುಟದಲ್ಲಿ 'ಎಫ್‌ಕೆಕೆ', 'ನ್ಯಾಚುರಿಸ್ಟ್' ಅಥವಾ 'ನಾಟುರಿಸ್ಟ್' ಅಂತ ಇದ್ದರೆ ಅರ್ಥ ಅದೇ. ಅವರದು ಅವರ ಇಷ್ಟ, ತಕರಾರೇನಿಲ್ಲ. ಆದರೆ ಅಜ್ಜಿ, ಮಕ್ಕಳ ಜೊತೆ ಗೇಟಿನ ಹತ್ತಿರ ಹೋಗಿ ಗೊತ್ತಾಗುವುದು ಬೇಡ, ಅಲ್ವಾ?

ಈಗ ಜಾಗ. ದೊಡ್ಡ ಕ್ಯಾಂಪ್‌ಗಳು ವೆಬ್‌ಸೈಟಿನಲ್ಲಿ ನಕ್ಷೆ ಹಾಕಿರುತ್ತವೆ, ಪ್ರತಿ ಜಾಗಕ್ಕೂ ನಂಬರ್ ಇರುತ್ತದೆ. ಉಪಗ್ರಹ ನಕ್ಷೆಯನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ಈ ಐದು ನೋಡಿ:

- ಬೆಳಗಿನ ನೆರಳು. ಎಲ್ಲರೂ ಮಧ್ಯಾಹ್ನದ ನೆರಳು ಹುಡುಕುತ್ತಾರೆ. ಮಧ್ಯಾಹ್ನ ನೀವು ಟೆಂಟಿನಲ್ಲಿ ಇರುವುದೇ ಇಲ್ಲ. ಜೂನ್‌ನಲ್ಲಿ ಅಲ್ಲಿ ಐದೂಕಾಲರ ಹೊತ್ತಿಗೆಲ್ಲ ಸೂರ್ಯ ಹುಟ್ಟುತ್ತಾನೆ. ಪೂರ್ವಕ್ಕೆ ಮರ ಇಲ್ಲದಿದ್ದರೆ ಏಳು ಗಂಟೆಗೆ ಟೆಂಟ್ ಇಡ್ಲಿ ಪಾತ್ರೆ.
- ಇಳಿಜಾರು. ಜಾಗ ಇಳಿಜಾರಿನ ತಳದಲ್ಲಿದ್ದರೆ ಮಳೆನೀರು ಅಲ್ಲಿಗೇ ಬರುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಮಾಡಿದ ಜಾಗವಾದರೆ ಮೇಲಿನ ಸಾಲು ತೆಗೆದುಕೊಳ್ಳಿ.
- ಸಮುದ್ರದ ಮೊದಲ ಸಾಲು. ಫೋಟೋದಲ್ಲಿ ಚೆಂದ. ಬೆಲೆ ಹೆಚ್ಚು, ನೆರಳು ಕಮ್ಮಿ, ಗಾಳಿ ನೇರ. ಎರಡು ಮೂರು ಸಾಲು ಹಿಂದೆ ಸರಿದರೆ ಈಜಿಗೆ ಎರಡು ನಿಮಿಷ ಜಾಸ್ತಿ ನಡೆಯಬೇಕು, ಅಷ್ಟೇ.
- ಶೌಚಾಲಯದ ದೂರ. ಪಕ್ಕದಲ್ಲೇ ಇದ್ದರೆ ರಾತ್ರಿಯೆಲ್ಲ ಚಪ್ಪಲಿ ಸದ್ದು, ದೀಪ. 50ರಿಂದ 100 ಮೀಟರ್ ಹದವಾದ ದೂರ.
- ನೆಲ. ವಿವರಣೆಯಲ್ಲಿ ಜಲ್ಲಿ ಅಂತ ಇದೆಯೋ ಹುಲ್ಲು ಅಂತ ಇದೆಯೋ ಓದಿ. ಕ್ಯಾರವಾನ್‌ಗೆ ಜಲ್ಲಿ ಒಳ್ಳೆಯದು, ಟೆಂಟಿಗೆ ಅಲ್ಲ.

ಬೆಲೆ ಓದುವುದಕ್ಕೂ ಒಂದು ರೀತಿ ಇದೆ. ಜಾಗದ ಬಾಡಿಗೆ ಬೇರೆ, ತಲೆಗಿಷ್ಟು ಬೇರೆ, ಪ್ರವಾಸಿ ತೆರಿಗೆ ಬೇರೆ. ಕೆಲವು ಕಡೆ ನೋಂದಣಿ ಶುಲ್ಕ, ಬುಕಿಂಗ್ ಶುಲ್ಕವೂ ಸೇರುತ್ತದೆ. ಕೊನೆಯ ಪುಟದ ಮೊತ್ತ ನೋಡಿಯೇ ಹೋಲಿಸಿ. ಇಬ್ಬರೇ ಹೋಗುವವರಿಗೆ, ಸೀಸನ್ ಅಲ್ಲದ ದಿನಗಳಲ್ಲಿ, ಎಸಿಎಸ್‌ಐ ಕ್ಯಾಂಪಿಂಗ್ ಕಾರ್ಡ್ ಲಾಭ. ಅದನ್ನು ಒಪ್ಪುವ ಕ್ಯಾಂಪ್‌ಗಳಲ್ಲಿ ಇಬ್ಬರು ದೊಡ್ಡವರಿಗೆ ಒಂದು ನಿಗದಿ ರಿಯಾಯಿತಿ ದರ ಇರುತ್ತದೆ.

ಬುಕ್ ಮಾಡುವಾಗ ರದ್ದು ಮಾಡಿದರೆ ಹಣ ವಾಪಸ್ ಬರುವ ಆಯ್ಕೆಯನ್ನೇ ತೆಗೆದುಕೊಳ್ಳಿ. ಯಾಕೆ ಅನ್ನುವುದು ಮುಂದಿನ ಹಂತದಲ್ಲಿದೆ.

## ಹಂತ 3: ವೀಸಾ, ಅದಾದ ಮೇಲೆ ಟಿಕೆಟ್

ಕ್ರೊಯೇಷಿಯಾ 2023ರ ಜನವರಿ 1ರಿಂದ ಷೆಂಗೆನ್ ವಲಯದಲ್ಲಿದೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನಲ್ಲಿ. ಅವತ್ತಿನಿಂದಲೇ ಅಲ್ಲಿನ ಹಣವೂ ಯೂರೋ. ಹಳೆಯ ಪ್ರವಾಸ ಬರಹಗಳಲ್ಲಿ ಕಾಣುವ ಕುನಾ ಈಗ ಚಲಾವಣೆಯಲ್ಲಿಲ್ಲ. ಷೆಂಗೆನ್ ದೇಶಗಳಲ್ಲೆಲ್ಲ ಸೇರಿ 180 ದಿನದಲ್ಲಿ 90 ದಿನ ಮಾತ್ರ ಇರಬಹುದು, ಅಲ್ಲಿ ಕಳೆದ ದಿನಗಳೂ ಆ ಲೆಕ್ಕಕ್ಕೆ ಸೇರುತ್ತವೆ.

ಭಾರತದಿಂದ ಹೋಗುವವರು ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತಾರೋ ಆ ದೇಶದ ವೀಸಾಕ್ಕೆ ಅರ್ಜಿ ಹಾಕಬೇಕು. ಮ್ಯೂನಿಕ್‌ನಲ್ಲಿ ಇಳಿದು, ಎಂಟು ದಿನ ಇಸ್ಟ್ರಿಯಾದಲ್ಲಿ ಇರುವುದಾದರೆ ಅರ್ಜಿ ಕ್ರೊಯೇಷಿಯಾಕ್ಕೆ, ಜರ್ಮನಿಗೆ ಅಲ್ಲ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ತೀರಾ ಕೊನೆಯೆಂದರೆ 15 ದಿನ ಮೊದಲು. ಅಷ್ಟು ಎಳೆಯಬೇಡಿ. 2024ರ ಜೂನ್‌ನಿಂದ ದೊಡ್ಡವರಿಗೆ ಶುಲ್ಕ 90 ಯೂರೋ. ಪ್ರಯಾಣ ವಿಮೆ ಕನಿಷ್ಠ 30,000 ಯೂರೋ ಆಸ್ಪತ್ರೆ ಖರ್ಚು ಭರಿಸುವಂಥದ್ದಿರಬೇಕು.

ತಂಗುವ ಜಾಗದ ದಾಖಲೆ ಕೇಳಿದಾಗ ಕ್ಯಾಂಪಿನ ಬುಕಿಂಗ್ ಪತ್ರ ಕೊಡಬೇಕು. ಅದರಲ್ಲಿ ಎಲ್ಲರ ಹೆಸರೂ, ಪಾಸ್‌ಪೋರ್ಟಿನಲ್ಲಿರುವ ಹಾಗೇ, ಇರಲಿ. ಒಬ್ಬರ ಹೆಸರಿನಲ್ಲಿ ಬುಕ್ ಮಾಡಿ ಉಳಿದ ಮೂವರನ್ನು 'ಅತಿಥಿ' ಅಂತ ಬಿಟ್ಟರೆ ಪ್ರಶ್ನೆ ಬರುತ್ತದೆ. ಮೇಲ್ ಬರೆದು ಕೇಳಿದರೆ ಕ್ಯಾಂಪಿನವರು ಪತ್ರ ಸರಿಮಾಡಿ ಕಳಿಸುತ್ತಾರೆ.

ವೀಸಾ ಸಿಗದೇ ಹೋಗಲೂಬಹುದು, ಕ್ಯಾಂಪ್ ಬುಕಿಂಗ್ ರದ್ದು ಮಾಡುವ ಹಾಗಿರಲಿ ಅಂದದ್ದು ಅದಕ್ಕೇ. ವೀಸಾ ಕೈಗೆ ಬಂದ ಮೇಲೆಯೇ ಹಣ ವಾಪಸಾಗದ ಟಿಕೆಟ್ ತೆಗೆಯಿರಿ. ಅದಕ್ಕೂ ಮೊದಲು ಟಿಕೆಟ್ಟಿನ ಕಾಯ್ದಿರಿಸಿದ ಪ್ರತಿ ಸಾಕು. ಷೆಂಗೆನ್ ದೇಶದ ವಾಸದ ಪರವಾನಗಿ ಇರುವವರಿಗೆ ಈ ಹಂತ ಹೆಚ್ಚುಕಡಿಮೆ ಇಲ್ಲ. ಪಾಸ್‌ಪೋರ್ಟ್ ಮತ್ತು ಪರವಾನಗಿ ಕಾರ್ಡ್ ಎರಡೂ ಜೊತೆಗಿರಲಿ.

## ಹಂತ 4: ದಾರಿ ಮತ್ತು ಕಾರು

ಕಾರಿಲ್ಲದೆ ಟೆಂಟ್ ರಜೆ ಆಗುತ್ತದೆ, ಆದರೆ ಕಷ್ಟ. ಹಾಗೆ ಹೋಗುವುದಾದರೆ ರೊವಿನ್ ಅಥವಾ ಪುಲಾ ಪೇಟೆಗೆ ನಡೆದು ಹೋಗುವಷ್ಟು ಹತ್ತಿರದ ಕ್ಯಾಂಪ್ ಹಿಡಿಯಿರಿ.

ಕಾರಿನಲ್ಲಿ ಹೋಗುವವರಿಗೆ ದೊಡ್ಡ ಗುಂಡಿ ಸ್ಲೊವೇನಿಯಾ. ವೆನಿಸ್ ಅಥವಾ ಟ್ರಿಯೆಸ್ತ್ ಕಡೆಯಿಂದ ಬಂದರೆ ಆ ದೇಶ ಸಿಗುವುದು ಕೆಲವೇ ಕಿಲೋಮೀಟರ್. 'ಇಷ್ಟಕ್ಕೇನು' ಅಂತ ಮೋಟಾರುದಾರಿ ಹತ್ತುತ್ತಾರೆ. ಅಲ್ಲಿ ಇ-ವಿನ್ಯೆಟ್, ಅಂದರೆ ಮೋಟಾರುದಾರಿಗೆ ಮೊದಲೇ ಶುಲ್ಕ ಕಟ್ಟಿ ಪಡೆಯುವ ಡಿಜಿಟಲ್ ಪಾಸ್ ಬೇಕು, ಇಲ್ಲದಿದ್ದರೆ ದಂಡ 300 ಯೂರೋದಿಂದ ಶುರು. ಗಡಿಗೆ ಮೊದಲೇ ಕಾರಿನ ನಂಬರ್ ಕೊಟ್ಟು ಆನ್‌ಲೈನ್‌ನಲ್ಲಿ ಕೊಂಡುಕೊಳ್ಳಿ. ನಂಬರಿನಲ್ಲಿ ಒಂದು ಅಕ್ಷರ ತಪ್ಪಿದರೂ ಕೊಳ್ಳದ ಹಾಗೆಯೇ. ಮ್ಯೂನಿಕ್‌ನಿಂದ ಬರುವವರಿಗೆ ಆಸ್ಟ್ರಿಯಾದ ವಿನ್ಯೆಟ್ ಬೇರೆ, ಟೌವೆರ್ನ್ ಮತ್ತು ಕರವಾಂಕೆನ್ ಸುರಂಗಗಳ ಶುಲ್ಕ ಅದರ ಮೇಲೆ. ಬೇಸಿಗೆಯ ಶನಿವಾರ ಆ ದಾರಿ ಹಿಡಿಯಲೇಬೇಡಿ.

ಬಾಡಿಗೆ ಕಾರಾದರೆ ಎರಡು ಕೇಳಿ: ಕ್ರೊಯೇಷಿಯಾಕ್ಕೆ ಒಯ್ಯಲು ಅನುಮತಿ ಇದೆಯಾ, ಅಲ್ಲೂ ವಿಮೆ ನಡೆಯುತ್ತದಾ. ಉತ್ತರ ಬರಹದಲ್ಲಿರಲಿ. ಭಾರತದ ಲೈಸೆನ್ಸ್ ಇದ್ದವರು ಹೊರಡುವ ಮೊದಲು ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಳ್ಳಬೇಕು.

## ಹಂತ 5: ಸಾಮಾನು

ಎಲ್ಲ ಪಟ್ಟಿ ಕೊಡುವುದಿಲ್ಲ, ಟಾರ್ಚು ಬೇಕು ಅಂತ ನಿಮಗೂ ಗೊತ್ತು. ಈ ನೆಲಕ್ಕೆ, ಈ ಕಡಲಿಗೆ ವಿಶೇಷವಾಗಿ ಬೇಕಾದದ್ದು ಇಷ್ಟು:

- ಮೊಳೆಯಂಥ ಗಟ್ಟಿ ಸ್ಟೀಲ್ ಗೂಟಗಳು, ಸುಮಾರು 20 ಸೆಂಟಿಮೀಟರ್ ಉದ್ದದವು. ಟೆಂಟಿನ ಜೊತೆ ಬರುವ ತೆಳು ಅಲ್ಯೂಮಿನಿಯಂ ಗೂಟ ಇಲ್ಲಿ ಮೊದಲ ಏಟಿಗೇ ಬಗ್ಗುತ್ತದೆ.
- ಕಬ್ಬಿಣದ ಸುತ್ತಿಗೆ. ರಬ್ಬರ್ ಸುತ್ತಿಗೆ ಸಾಲದು.
- 10 ಮೀಟರ್‌ನಷ್ಟು ಹೆಚ್ಚುವರಿ ಹಗ್ಗ, ನೆಲಕ್ಕೆ ಹಾಸಲು ಟಾರ್ಪಾಲಿನ್.
- ನೀರಿನಲ್ಲಿ ಹಾಕಿಕೊಳ್ಳುವ ರಬ್ಬರ್ ಶೂ, ಎಲ್ಲರಿಗೂ.
- ಕರೆಂಟ್ ಬೇಕಿದ್ದರೆ ಕ್ಯಾಂಪಿನ ನೀಲಿ ಮೂರು ಕಡ್ಡಿಯ ಸಿಇಇ ಪ್ಲಗ್‌ನಿಂದ ಮಾಮೂಲಿ ಸಾಕೆಟ್‌ಗೆ ಬರುವ ಅಡಾಪ್ಟರ್, ಮತ್ತು ಉದ್ದ ಕೇಬಲ್.
- 10 ಡಿಗ್ರಿಗೆ ಸಾಕಾಗುವ ಸ್ಲೀಪಿಂಗ್ ಬ್ಯಾಗ್. ಜೂನ್ ರಾತ್ರಿ 15 ಡಿಗ್ರಿಗೆ ಇಳಿಯಬಹುದು. ಬೆನ್ನ ಕೆಳಗೆ ಮ್ಯಾಟ್ ಇಲ್ಲದಿದ್ದರೆ ಬ್ಯಾಗ್ ಎಷ್ಟು ದಪ್ಪಗಿದ್ದರೂ ಚಳಿ.

ವಿಮಾನದಲ್ಲಿ ಗೂಟ, ಸುತ್ತಿಗೆ, ಚಾಕು ಎಲ್ಲ ಚೆಕ್-ಇನ್ ಬ್ಯಾಗಿನಲ್ಲಿ. ಗ್ಯಾಸ್ ಡಬ್ಬಿ ಯಾವ ಬ್ಯಾಗಿನಲ್ಲೂ ಇಲ್ಲ. ಪವರ್ ಬ್ಯಾಂಕ್ ಕೈಚೀಲದಲ್ಲೇ.

## ಹಂತ 6: ಅಡುಗೆ ಮತ್ತು ಒಲೆ

ಭಾರತದಿಂದ ಹೋಗುವವರು ಡಬ್ಬಿ ಕಟ್ಟುವ ಮೊದಲು ಇದನ್ನು ತಿಳಿದಿರಿ. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ಒಯ್ಯುವಂತಿಲ್ಲ. ತುಪ್ಪ, ಪೇಡಾ ಮನೆಯಲ್ಲೇ ಇರಲಿ. ಹಸಿ ಕರಿಬೇವೂ ಬೇಡ. ಸಾರಿನ ಪುಡಿ, ಚಟ್ನಿಪುಡಿ, ಅವಲಕ್ಕಿ, ಗೊಜ್ಜವಲಕ್ಕಿ ಮಿಕ್ಸ್ ಒಯ್ಯಬಹುದು. ಅಕ್ಕಿ, ಬೇಳೆ, ಮೊಸರು, ತರಕಾರಿ ಎಲ್ಲ ಅಲ್ಲಿನ ಸೂಪರ್ ಮಾರ್ಕೆಟ್‌ಗಳಲ್ಲಿ ಸಿಗುತ್ತವೆ. ನಲ್ಲಿ ನೀರು ಕುಡಿಯಬಹುದು. 2023ರಿಂದ ಅಲ್ಲಿನ ಅಂಗಡಿಗಳು ವರ್ಷಕ್ಕೆ 16 ಭಾನುವಾರ ಮಾತ್ರ ತೆರೆಯಬಹುದು. ಬೇಸಿಗೆಯಲ್ಲಿ ತೆರೆದಿರುವ ಸಾಧ್ಯತೆ ಜಾಸ್ತಿ, ಆದರೂ ಶನಿವಾರವೇ ಸಾಮಾನು ತಂದಿಟ್ಟುಕೊಳ್ಳಿ.

ಒಲೆ ಕೊಳ್ಳುವಾಗ ಗ್ಯಾಸ್ ಡಬ್ಬಿಯ ಬಾಯಿ ನೋಡಿ. ತಿರುಪು ಹಾಕಿ ಕೂರಿಸುವ ಡಬ್ಬಿ ಬೇರೆ, ಕ್ಯಾಂಪಿಂಗಾಜ್‌ನ ಒತ್ತಿ ಕೂರಿಸುವ ಡಬ್ಬಿ ಬೇರೆ. ಒಂದರ ಒಲೆಗೆ ಇನ್ನೊಂದು ಹೊಂದುವುದಿಲ್ಲ. ಎರಡು ಲೀಟರಿನ ಕುಕ್ಕರ್ ಒಯ್ಯುವುದಾದರೆ ಡಬ್ಬಿಯ ತಲೆ ಮೇಲೆ ಕೂರುವ ಒಲೆ ಬೇಡ, ಅಗಲ ಕಾಲಿನದ್ದು ಇರಲಿ. ಕುಕ್ಕರ್ ಸೀಟಿಯನ್ನು ಕ್ಯಾಂಪಿನವರು ಪಾಲಿಸುವ ಮಧ್ಯಾಹ್ನದ ಮೌನದ ಹೊತ್ತಿನಲ್ಲಿ ಕೂಗಿಸಿದರೆ ಪಕ್ಕದ ಟೆಂಟಿನವರು ಎದ್ದು ಬರುತ್ತಾರೆ. ನಗಬೇಡಿ, ನಿಜ.

ಎಚ್ಚರಿಕೆ: ಗಾಳಿ ತಡೆಯಲು ಒಲೆ ಮತ್ತು ಡಬ್ಬಿ ಎರಡಕ್ಕೂ ಸೇರಿಸಿ ಸುತ್ತ ತಗಡು ಮುಚ್ಚಬೇಡಿ. ಡಬ್ಬಿ ಮುಟ್ಟಿದರೆ ಬಿಸಿ ಅನ್ನಿಸಿದ ಕೂಡಲೇ ಆರಿಸಿ. ಟೆಂಟಿನ ಒಳಗೆ ಒಲೆ ಹಚ್ಚಲೇಬೇಡಿ, ಮಳೆ ಬಂದರೂ ಬೇಡ. ಬೆಂಕಿ ಹೊತ್ತಿಕೊಳ್ಳುವುದು ಒಂದು ಅಪಾಯ, ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಇನ್ನೊಂದು. ಸೌದೆ ಬೆಂಕಿಯ ಆಸೆಯೂ ಬಿಡಿ. ಬೇಸಿಗೆಯಲ್ಲಿ ಆ ಪೈನ್ ಕಾಡು ಕಿಡಿ ತಾಗಿದರೆ ಹೊತ್ತಿಕೊಳ್ಳುವ ಹಾಗಿರುತ್ತದೆ. ಇದ್ದಿಲ ಗ್ರಿಲ್‌ಗೆ ಜಾಗ ಇದೆಯಾ ಅಂತ ರಿಸೆಪ್ಷನ್‌ನಲ್ಲಿ ಕೇಳಿ. ಬೆಂಕಿ ಕಂಡರೆ 193, ಯಾವುದೇ ತುರ್ತಿಗೆ 112.

## ಹಂತ 7: ಟೆಂಟ್ ನಿಲ್ಲಿಸುವುದು

ಇಸ್ಟ್ರಿಯಾದ ಕರಾವಳಿಯ ನೆಲ ಕೆಂಪು ಮಣ್ಣು. ನೋಡಿದರೆ ನಮ್ಮೂರಿನದ್ದೇ ಅನ್ನಿಸುತ್ತದೆ. ಆದರೆ ಎಷ್ಟೋ ಕಡೆ ಅದು ಗೇಣುದ್ದ ಮಾತ್ರ, ಕೆಳಗೆ ಸುಣ್ಣಕಲ್ಲಿನ ಬಂಡೆ. ಬೆಳಕಿರುವಾಗಲೇ ತಲುಪಿ, ಈ ಕ್ರಮದಲ್ಲಿ ಹೋಗಿ.

ಮೊದಲು ಗೂಟ ಪರೀಕ್ಷೆ. ಟೆಂಟ್ ಬಿಚ್ಚುವ ಮೊದಲು ಒಂದು ಗೂಟ, ಸುತ್ತಿಗೆ ಹಿಡಿದು ಜಾಗದ ನಾಲ್ಕು ಮೂಲೆಯಲ್ಲಿ ಹೊಡೆದು ನೋಡಿ. ಎಲ್ಲಿ ಇಳಿಯುತ್ತದೋ ಅಲ್ಲಿ ಗಾಳಿ ಬರುವ ಕಡೆಯ ಮೂಲೆ ಬರಬೇಕು.

ದಿಕ್ಕು. ಬೇಸಿಗೆಯ ಒಳ್ಳೆಯ ಹವೆಯಲ್ಲಿ ಬೀಸುವುದು ಮಾಯೆಸ್ತ್ರಾಲ್. ವಾಯವ್ಯದಿಂದ, ಸಮುದ್ರದ ಕಡೆಯಿಂದ ಬರುತ್ತದೆ. ಬೆಳಿಗ್ಗೆ ಹೊತ್ತೇರಿದ ಮೇಲೆ ಎದ್ದು ಸಂಜೆಗೆ ತಣ್ಣಗಾಗುತ್ತದೆ. ಅದರಿಂದ ತೊಂದರೆ ಇಲ್ಲ, ಸೆಖೆಗೆ ಹಿತ. ಅಂಜಬೇಕಾದ್ದು ಬುರಾಕ್ಕೆ. ಅದು ಈಶಾನ್ಯದಿಂದ, ನೆಲದ ಕಡೆಯಿಂದ, ಬಿಟ್ಟು ಬಿಟ್ಟು ಹೊಡೆಯುತ್ತದೆ. ಚಳಿಗಾಲದಲ್ಲಿ ಜೋರು, ಆದರೆ ಬೇಸಿಗೆಯಲ್ಲೂ ಮಳೆ ಬಂದು ಹೋದ ಹಿಂದೆಯೇ ಬರಬಹುದು. ಆದ್ದರಿಂದ ಟೆಂಟಿನ ಕಿರಿದಾದ ತುದಿ ಈಶಾನ್ಯಕ್ಕಿರಲಿ. ಸಮುದ್ರ ಕಾಣಲಿ ಅಂತ ಅಗಲ ಬದಿಯನ್ನು ಗಾಳಿಗೆ ಒಡ್ಡುವುದೇ ಮಾಮೂಲಿ ತಪ್ಪು.

ಹಾಸು. ಕಲ್ಲು, ಪೈನ್ ಕಾಯಿ ಆರಿಸಿ ತೆಗೆಯಿರಿ. ಟಾರ್ಪಾಲಿನ್ ಟೆಂಟಿನ ಅಡಿಗಿಂತ ಒಳಗೇ ಇರಬೇಕು. ಅಂಚು ಹೊರಗೆ ಚಾಚಿದರೆ ಮಳೆನೀರು ಅದರ ಮೇಲೆ ಬಿದ್ದು ಟೆಂಟಿನ ಕೆಳಗೇ ಸೇರುತ್ತದೆ. ಪೈನ್ ಮರದ ಬುಡಕ್ಕೆ ಅಂಟಿಕೊಂಡು ಹಾಕಬೇಡಿ. ಅದರ ಮೇಣ ಬಟ್ಟೆಗೆ ಬಿದ್ದರೆ ಹೋಗುವುದಿಲ್ಲ.

ಗೂಟ. ತಲೆ ಟೆಂಟಿನಿಂದ ಆಚೆಗೆ ವಾಲಿರಬೇಕು, ಸುಮಾರು 45 ಡಿಗ್ರಿ. ಅರ್ಧಕ್ಕೆ ನಿಂತು 'ಟಣ್' ಅಂದರೆ ಕೆಳಗೆ ಬಂಡೆ. ಹೊಡೆಯುತ್ತಲೇ ಇರಬೇಡಿ. ಕಿತ್ತು, ನಾಲ್ಕು ಬೆರಳು ಆಚೆ ಹೊಡೆಯಿರಿ. ಎಲ್ಲೂ ಇಳಿಯದಿದ್ದರೆ ದೊಡ್ಡ ಕಲ್ಲಿಗೆ ಹಗ್ಗ ಸುತ್ತಿ, ಅದರ ಮುಂದೆ ಇನ್ನೊಂದು ಭಾರದ ಕಲ್ಲು ಒತ್ತಿಡಿ. ಮರಕ್ಕೆ ಕಟ್ಟುವ ಮೊದಲು ಕೇಳಿ, ಕೆಲವು ಕ್ಯಾಂಪ್‌ಗಳು ಬಿಡುವುದಿಲ್ಲ.

ಎಳೆಹಗ್ಗ. ಗಾಳಿಯಿಲ್ಲದ ಸಂಜೆಯಲ್ಲೂ ಎಲ್ಲ ಹಗ್ಗಗಳನ್ನೂ ಕಟ್ಟಿ. ನೆಲಕಚ್ಚಿದ ಟೆಂಟುಗಳ ಚೀಲದಲ್ಲಿ ನೋಡಿದರೆ ಹಗ್ಗ ಕಟ್ಟು ಬಿಚ್ಚದೆ ಹಾಗೇ ಇರುತ್ತದೆ. ರಾತ್ರಿ ಎಡವದ ಹಾಗೆ ಹಗ್ಗಕ್ಕೆ ಬಿಳಿ ಬಟ್ಟೆಚೂರು ಕಟ್ಟಿ.

## ಹಂತ 8: ಆಕಾಶ ನೋಡುವುದು

ಕ್ರೊಯೇಷಿಯಾದ ಹವಾಮಾನ ಇಲಾಖೆ ಡಿಎಚ್‌ಎಂಜೆಡ್. ಅದರ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳನ್ನು ದಿನಾ ಬೆಳಿಗ್ಗೆ ನೋಡಿ. ರಿಸೆಪ್ಷನ್ ಹಲಗೆಯ ಮೇಲೂ ಹವಾಮಾನ ಹಾಕಿರುತ್ತಾರೆ.

ಆಗ್ನೇಯದಿಂದ ಬರುವ ಜುಗೊ ಗಾಳಿ ಹೇಳಿಕೇಳಿ ಬರುತ್ತದೆ. ಹವೆ ಅಂಟಂಟಾಗುತ್ತದೆ, ಅಲೆ ದಿನೇ ದಿನೇ ಏರುತ್ತದೆ, ಆಮೇಲೆ ಮಳೆ. ತಯಾರಾಗಲು ಸಮಯ ಸಿಗುತ್ತದೆ.

ನೆವೆರಿನ್ ಹಾಗಲ್ಲ. ಸೆಖೆಯ ದಿನದ ಕೊನೆಗೆ ಪಶ್ಚಿಮದಿಂದ ನುಗ್ಗುವ ಸಿಡಿಲುಮಳೆ ಅದು. ಜೊತೆಗೆ ಆಲಿಕಲ್ಲೂ ಬೀಳಬಹುದು. ಹೆಚ್ಚು ಹೊತ್ತು ಇರುವುದಿಲ್ಲ, ಆದರೆ ಅಷ್ಟರಲ್ಲಿ ಹಾಳು ಮಾಡಿಬಿಡುತ್ತದೆ. ಗುರುತು ಹೀಗೆ: ಸಮುದ್ರದ ಮೇಲೆ ವಾಯವ್ಯದಲ್ಲಿ ಕಡುಗಪ್ಪು ಗೋಡೆಯಂತೆ ಮೋಡ, ಬೀಸುತ್ತಿದ್ದ ಗಾಳಿ ಇದ್ದಕ್ಕಿದ್ದಂತೆ ಬಂದ್, ಸ್ಥಳೀಯರು ದೋಣಿ ಎಳೆದು ಕಟ್ಟುತ್ತಿರುವುದು. ಇವುಗಳಲ್ಲಿ ಒಂದು ಕಂಡರೂ ನೀರಿನಿಂದ ಹೊರಗೆ ಬನ್ನಿ. ಮೊದಲು ಬಿಸಿಲಿಗೆ ಕಟ್ಟಿದ ಚಪ್ಪರ ಇಳಿಸಿ. ಟೆಂಟನ್ನು ಎಳೆದು ಹಾರಿಸುವುದು ಅದೇ. ಕುರ್ಚಿ, ಪಾತ್ರೆ ಕಾರಿಗೆ ಹಾಕಿ, ಜಿಪ್ ಮುಚ್ಚಿ. ಸಿಡಿಲು ಶುರುವಾದರೆ ನೀವು ಕಾರಿನೊಳಗೆ ಅಥವಾ ಶೌಚಾಲಯದ ಕಟ್ಟಡದಲ್ಲಿ ಇರಬೇಕು. ಟೆಂಟಿನಲ್ಲೂ ಬೇಡ, ಮರದ ಕೆಳಗೂ ಬೇಡ.

## ಹಂತ 9: ನೀರು, ಬಂಡೆ, ಹುಲ್ಲು

ಮರಳಿನ ಬೀಚ್ ಮನಸ್ಸಿನಲ್ಲಿಟ್ಟುಕೊಂಡು ಬಂದವರಿಗೆ ಬೇಸರ ಆಗುತ್ತದೆ. ಇಲ್ಲಿನ ದಡ ಹೆಚ್ಚಾಗಿ ಬಂಡೆ, ಉರುಟು ಕಲ್ಲು. ಬಂಡೆ ಸಂದಿಯಲ್ಲಿ ಕಪ್ಪು ಮುಳ್ಳುಂಡೆಯಂಥ ಸೀ ಅರ್ಚಿನ್ ಇರುತ್ತವೆ. ತುಳಿದರೆ ಮುಳ್ಳು ಕಾಲಿನಲ್ಲೇ ಮುರಿಯುತ್ತದೆ. ರಬ್ಬರ್ ಶೂ ಇಲ್ಲದೆ ಮಕ್ಕಳನ್ನು ನೀರಿಗೆ ಬಿಡಬೇಡಿ. ಈಜಿನ ಎಲ್ಲೆ ತೋರಿಸಲು ನೀರಿನಲ್ಲಿ ತೇಲಿಬಿಟ್ಟ ಗುಂಡುಗಳ ಗೆರೆ ದಾಟಬೇಡಿ, ಆಚೆ ದೋಣಿಗಳು ಓಡಾಡುತ್ತವೆ. ಕಾಮೆನ್ಯಾಕ್‌ನ ಬಂಡೆಗಳಿಂದ ಹಾರುವವರನ್ನು ನೋಡಿ ನೀವೂ ಹಾರಬೇಡಿ. ಸಮುದ್ರದಲ್ಲಿ ಅಪಾಯವಾದರೆ 195.

ಹುಲ್ಲು, ಪೊದೆಯಲ್ಲಿ ನಡೆದ ದಿನ ಸಂಜೆ ಮೈಮೇಲೆ ಉಣ್ಣೆ ಕಚ್ಚಿಕೊಂಡಿದೆಯಾ ನೋಡಿ. ಮೊಣಕಾಲಿನ ಹಿಂದೆ, ಕಂಕುಳು, ಕೂದಲಂಚು. ಕಲ್ಲಿನ ಹಳೆಯ ಗೋಡೆಗಳ ಸಂದಿಗೆ ಕೈ ಹಾಕಬೇಡಿ. ಮೂಗಿನ ಮೇಲೆ ಸಣ್ಣ ಕೊಂಬಿರುವ ವಿಷದ ಹಾವು ಈ ಭಾಗದಲ್ಲಿದೆ.

## ಹಂತ 10: ಹೊರಡುವ ದಿನ

ಜಾಗ ಬಿಡುವ ಹೊತ್ತು ಹೆಚ್ಚಾಗಿ ಮಧ್ಯಾಹ್ನ 12. ಮೀರಿದರೆ ಇನ್ನೊಂದು ದಿನದ ಬಾಡಿಗೆ ಕೇಳಬಹುದು. ಬೆಳಗಿನ ಇಬ್ಬನಿಗೆ ಟೆಂಟ್ ಒದ್ದೆಯಿರುತ್ತದೆ, ಒಣಗಲು ಒಂದೆರಡು ಗಂಟೆ ಬೇಕು. ಹಾಗಾಗಿ ಎದ್ದ ಕೂಡಲೇ ಟೆಂಟಿನ ಹೊರ ಬಟ್ಟೆ ಬಿಚ್ಚಿ ಹಗ್ಗಕ್ಕೆ ಹಾಕಿ, ತಿಂಡಿ ಆಮೇಲೆ. ಒದ್ದೆಯೇ ಮಡಚಬೇಕಾಗಿ ಬಂದರೆ ಊರು ತಲುಪಿದ ದಿನವೇ ಬಿಡಿಸಿ ಹರಡಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಬಂಡೆಯಲ್ಲಿ ಸಿಕ್ಕಿಕೊಂಡ ಗೂಟವನ್ನು ನೇರ ಎಳೆದರೆ ಬರುವುದಿಲ್ಲ. ಪಕ್ಕದಿಂದ ಎರಡೂ ಕಡೆ ತಟ್ಟಿ ಸಡಿಲ ಮಾಡಿ, ಇನ್ನೊಂದು ಗೂಟವನ್ನು ಅದರ ಕೊಕ್ಕೆಗೆ ಸಿಕ್ಕಿಸಿ ಮೇಲೆತ್ತಿ. ಅರ್ಧ ಮುರಿದು ನೆಲದಲ್ಲಿ ಉಳಿದರೆ ಸುಮ್ನೆ ಬಿಟ್ಟು ಬರಬೇಡಿ, ಮುಂದೆ ಬರುವವರು ಬರಿಗಾಲಿನಲ್ಲಿರುತ್ತಾರೆ. ಕೊನೆಗೆ ರಿಸೆಪ್ಷನ್‌ನಲ್ಲಿ ಬಿಲ್ ನೋಡುವಾಗ ಕರೆಂಟ್ ಮತ್ತು ಪ್ರವಾಸಿ ತೆರಿಗೆಯ ಸಾಲು ಓದಿ. ಮಕ್ಕಳ ವಯಸ್ಸು ತಪ್ಪಾಗಿ ಬರೆದಿದ್ದರೆ ತೆರಿಗೆ ಜಾಸ್ತಿ ಬಂದಿರುತ್ತದೆ, ಅಲ್ಲೇ ಹೇಳಿ ಸರಿಮಾಡಿಸಿಕೊಳ್ಳಿ.